ಪಿಸ್ತೂಲಿಗೆ ರೆಡ್ ಡಾಟ್ ಆರಿಸಿಕೊಂಡ ಬಗೆ: ನನ್ನ ಅನುಭವ

ಚಾಳೀಸು ಬಂದದ್ದು ನನಗೆ ಮೊದಲು ಗೊತ್ತಾದದ್ದು ಶೂಟಿಂಗ್ ರೇಂಜಿನಲ್ಲಿ. ನಲವತ್ತಾರನೇ ವಯಸ್ಸಿನಲ್ಲಿ, ಚಾಚಿದ ಕೈಯ ತುದಿಯಲ್ಲಿದ್ದ ಪಿಸ್ತೂಲಿನ ಮುಂದಿನ ಸೈಟ್, ಅಂದರೆ ಗುರಿ ಹಿಡಿಯಲು ನಳಿಗೆಯ ತುದಿಯ ಮೇಲಿರುವ ಸಣ್ಣ ಮುಳ್ಳು, ಅಂಚು ಕಳೆದುಕೊಂಡು, ಒದ್ದೆ ಕಾಗದದ ಮೇಲೆ ಹರಡಿದ ಶಾಯಿಯ ಗೆರೆಯಂತೆ ಕಾಣತೊಡಗಿತು. ಇದು ನನಗೆ ಸಣ್ಣ ಸಂಗತಿಯಾಗಿರಲಿಲ್ಲ. ಕಾಲೇಜಿನ ದಿನಗಳಲ್ಲಿ ಬೆಂಗಳೂರಿನಲ್ಲಿ 10 ಮೀಟರ್ ಏರ್ ಪಿಸ್ತೂಲ್ ಕಲಿತವನು ನಾನು. ಅಲ್ಲಿ ಹತ್ತು ಅಂಕದ ವೃತ್ತದ ಅಗಲ ಬರೀ 11.5 ಮಿಲಿಮೀಟರ್, ಅಂತರರಾಷ್ಟ್ರೀಯ ನಿಯಮದ ಪ್ರಕಾರ ಪಿಸ್ತೂಲಿನ ಮೇಲೆ ತೆರೆದ ಸೈಟ್ ಬಿಟ್ಟು ಬೇರೇನೂ ಇರುವಂತಿಲ್ಲ. "ಕರಿ ವೃತ್ತ ಮಸುಕಾದರೆ ಆಗಲಿ ಬಿಡಪ್ಪಾ, ಮುಂದಿನ ಸೈಟಿನ ಅಂಚು ಮಾತ್ರ ಕತ್ತಿಯ ಹಾಗೆ ಕಾಣಬೇಕು" ಎಂದು ನಮ್ಮ ಕೋಚ್ ಸರ್ ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ನನ್ನ ಶೂಟಿಂಗ್ ಎಲ್ಲವೂ ನಿಂತಿದ್ದದ್ದು ಆ ಒಂದು ಅಂಚಿನ ಮೇಲೆ.

ಈಗ ನಾನಿರುವುದು ಅಮೆರಿಕದ ಅರಿಜೋನಾದಲ್ಲಿ, ಫೀನಿಕ್ಸ್ ನಗರದ ಹೊರವಲಯದಲ್ಲಿ. ಇಲ್ಲಿನ ಪೌರತ್ವ ಬಂದ ಮೇಲೆ ಒಂದು ಗ್ಲಾಕ್ 34 ಪಿಸ್ತೂಲು ಕೊಂಡು, ನಗರದ ಉತ್ತರಕ್ಕಿರುವ ಬೆನ್ ಏವರಿ ಎಂಬ ಸರಕಾರಿ ರೇಂಜಿನಲ್ಲಿ ಯುಎಸ್‌ಪಿಎಸ್‌ಎ ಎಂಬ ಶೂಟಿಂಗ್ ಸಂಸ್ಥೆಯ ಪಂದ್ಯಗಳನ್ನು ಆಡತೊಡಗಿದೆ. ಗಳಿಸಿದ ಅಂಕವನ್ನು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸುವ ಆಟವಿದು, ಹಾಗಾಗಿ ನಿಖರತೆಯಷ್ಟೇ ವೇಗಕ್ಕೂ ಬೆಲೆ. ಎರಡು ಅಂತರಕ್ಕೆ ಒಂದೇ ಗಾಜಿನಲ್ಲಿ ಪವರ್ ಇರುವ ಕನ್ನಡಕ ಹಾಕಿಕೊಂಡರೆ ಸೈಟ್ ಸ್ಪಷ್ಟವಾಗಲು ಗದ್ದ ಮೇಲೆತ್ತಬೇಕಾಗುತ್ತಿತ್ತು, ಗದ್ದ ಎತ್ತಿದರೆ ಕತ್ತು, ಭುಜ, ಹಿಡಿತ ಎಲ್ಲವೂ ಕೆಡುತ್ತಿದ್ದವು. ಪಿಸ್ತೂಲಿನ ಮೇಲ್ಭಾಗದಲ್ಲಿ ಹಿಂದೆ ಮುಂದೆ ಸರಿಯುವ ಸ್ಲೈಡಿನ ಮೇಲೆ ರೆಡ್ ಡಾಟ್, ಅಂದರೆ ಕೆಂಪು ಚುಕ್ಕೆ ತೋರಿಸುವ ಸೈಟ್, ಇರಿಸಿಕೊಳ್ಳಲು ಅವಕಾಶವಿರುವ ಕ್ಯಾರಿ ಆಪ್ಟಿಕ್ಸ್ ವಿಭಾಗಕ್ಕೆ ಹೋಗಲು ನಾನು ನಿರ್ಧರಿಸಿದ್ದು ಆ ಕಾರಣಕ್ಕೆ.

ರೆಡ್ ಡಾಟಿನಲ್ಲಿ ಒಂದು ಸಣ್ಣ ಎಲ್‌ಇಡಿ ದೀಪ ತನ್ನ ಮುಂದಿನ ಗಾಜಿನ ಮೇಲೆ ಬೆಳಕು ಬೀರುತ್ತದೆ. ಗಾಜಿನ ವಿಶೇಷ ಲೇಪ ಆ ಕೆಂಪನ್ನು ಮಾತ್ರ ನಮ್ಮ ಕಣ್ಣಿನ ಕಡೆಗೆ ತಿರುಗಿಸಿ, ಉಳಿದ ಬೆಳಕನ್ನು ದಾಟಲು ಬಿಡುತ್ತದೆ. ಹಿಂದಿರುಗುವ ಕಿರಣಗಳು ಸಮಾಂತರವಾಗಿರುವುದರಿಂದ ಚುಕ್ಕೆ ಗಾಜಿನ ಮೇಲಿದ್ದಂತೆ ಕಾಣದೆ ದೂರದ ಗುರಿಯ ಮೇಲೇ ಕೂತಂತೆ ಕಾಣುತ್ತದೆ. ಹತ್ತಿರದ ಅಂಚನ್ನು ಹುಡುಕುವ ಕೆಲಸ ಕಣ್ಣಿಗೆ ತಪ್ಪುತ್ತದೆ. ಚಾಳೀಸು ಬಂದವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಆದರೆ ಮೂರು ದಶಕದ ಅಭ್ಯಾಸವನ್ನು ತಿರುವಿ ಹಾಕಿ, ಸೈಟ್ ಬಿಟ್ಟು ಗುರಿಯನ್ನೇ ನೋಡಲು ಕಲಿಯುವುದಕ್ಕೆ ನನಗೆ ಆರು ತಿಂಗಳು ಹಿಡಿಯಿತು. ಗಾಜಿನ ಮುಂಬದಿಗೆ ಅಪಾರದರ್ಶಕ ಟೇಪ್ ಅಂಟಿಸಿಕೊಂಡು ಎರಡೂ ಕಣ್ಣು ತೆರೆದು ಮನೆಯಲ್ಲಿ ಖಾಲಿ ಪಿಸ್ತೂಲಿನಿಂದ ಅಭ್ಯಾಸ ಮಾಡಿದ್ದು ಅದಕ್ಕೆ ಬಹಳ ನೆರವಾಯಿತು. ಒಂದು ಕಣ್ಣು ಚುಕ್ಕೆಯನ್ನೂ ಇನ್ನೊಂದು ಕಣ್ಣು ಗುರಿಯನ್ನೂ ನೋಡುತ್ತದೆ, ಮಿದುಳು ಎರಡನ್ನೂ ಕೂಡಿಸುತ್ತದೆ. ಚುಕ್ಕೆಯನ್ನೇ ದಿಟ್ಟಿಸಿದರೆ ಮುಂದೆ ಟೇಪ್ ಬಿಟ್ಟು ಬೇರೇನೂ ಕಾಣುವುದಿಲ್ಲ.

ಕೊಳ್ಳುವ ಮೊದಲು ಜೊತೆಗಾರರ ಪಿಸ್ತೂಲುಗಳನ್ನು ಖಾಲಿ ಮಾಡಿಸಿ, ಒಂದೊಂದಾಗಿ ಎತ್ತಿ ನೋಡಿದೆ. ಎಲ್ಲರಿಗೂ ದುಂಡಗೆ ಕಾಣುತ್ತಿದ್ದ ಚುಕ್ಕೆ ನನಗೆ ಬಾಲವಿರುವ ಅಲ್ಪವಿರಾಮದ ಹಾಗೆ, ಕೆಲವು ಸೈಟ್‌ಗಳಲ್ಲಿ ಒಡೆದ ದಾಳಿಂಬೆಯ ಕಾಳುಗಳ ಹಾಗೆ ಕಾಣುತ್ತಿತ್ತು. ಮೊದಲು ಸೈಟೇ ಕೆಟ್ಟಿದೆ ಎಂದುಕೊಂಡೆ. ಒಬ್ಬ ಹಿರಿಯ ಶೂಟರ್ ನನ್ನ ಮೊಬೈಲನ್ನೇ ಕೇಳಿ ಪಡೆದು, ಗಾಜಿನ ಹಿಂದಿಟ್ಟು ಚಿತ್ರ ತೆಗೆದು ತೋರಿಸಿದರು, ಅದರಲ್ಲಿ ಚುಕ್ಕೆ ಸರಿಯಾಗಿಯೇ ಇತ್ತು. ದೋಷ ನನ್ನ ಕಣ್ಣಿನ ಅಸ್ಟಿಗ್ಮಾಟಿಸಮ್ಮಿನದು, ಅಂದರೆ ಕಣ್ಣಿನ ಮುಂಭಾಗದ ಬಾಗು ಎಲ್ಲ ಕಡೆ ಒಂದೇ ಸಮ ಇಲ್ಲದ್ದರದು. ಕಣ್ಣಿನ ವೈದ್ಯರ ಬಳಿ ಹೋಗಿ, ದೂರದ ನೋಟಕ್ಕೆ ಮಾತ್ರ, ಆ ದೋಷ ತಿದ್ದುವ ಸಿಲಿಂಡರ್ ಪವರ್ ಸರಿಯಾಗಿ ಕೂಡಿಸಿದ ರಕ್ಷಣಾ ಕನ್ನಡಕ ಮಾಡಿಸಿಕೊಂಡ ಮೇಲೆ ಬಾಲ ಮುಕ್ಕಾಲುಪಾಲು ಹೋಯಿತು. ಉಳಿದದ್ದು ಹೊಳಪು ಇಳಿಸಿದಾಗ ಹೋಯಿತು. ಅಂಗಡಿಗೆ ಹೋಗುವ ಮೊದಲು ಕಣ್ಣಿನ ವೈದ್ಯರ ಬಳಿ ಹೋಗಿ ಎಂದು ನಾನು ಈಗ ಕೇಳಿದವರಿಗೆಲ್ಲ ಹೇಳುತ್ತೇನೆ. ಸಾವಿರ ಡಾಲರಿನ ಸೈಟ್ ಕೂಡ ಕಣ್ಣಿನ ದೋಷವನ್ನು ತಿದ್ದಲಾರದು.

ಚುಕ್ಕೆಯ ಗಾತ್ರವನ್ನು ಎಂಓಎ ಎಂಬ ಕೋನದ ಅಳತೆಯಲ್ಲಿ ಹೇಳುತ್ತಾರೆ. ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ ಅದು, 100 ಗಜದಲ್ಲಿ ಒಂದು ಅಂಗುಲಕ್ಕಿಂತ ಕೂದಲೆಳೆಯಷ್ಟು ಹೆಚ್ಚು, 25 ಗಜದಲ್ಲಿ ಸುಮಾರು ಕಾಲು ಅಂಗುಲ. ಹಾಗಾಗಿ 2 ಎಂಓಎ ಚುಕ್ಕೆ 25 ಗಜದಲ್ಲಿ ಅರ್ಧ ಅಂಗುಲವನ್ನು ಮುಚ್ಚಿದರೆ, 6 ಎಂಓಎ ಚುಕ್ಕೆ ಒಂದೂವರೆ ಅಂಗುಲವನ್ನು ಮುಚ್ಚುತ್ತದೆ. ನಮ್ಮ ಪಂದ್ಯದ ರಟ್ಟಿನ ಗುರಿಯಲ್ಲಿ ಪೂರ್ತಿ ಅಂಕ ಸಿಗುವ ಎ ವಲಯ ಸುಮಾರು 6 ಅಂಗುಲ ಅಗಲ, 11 ಅಂಗುಲ ಎತ್ತರ ಇರುವುದರಿಂದ ಒಂದೂವರೆ ಅಂಗುಲ ಮುಚ್ಚಿಹೋದರೂ ನಷ್ಟವಿಲ್ಲ, ದೊಡ್ಡ ಚುಕ್ಕೆ ಕಣ್ಣಿಗೆ ಬೇಗ ಸಿಗುತ್ತದೆ ಎಂಬುದು ಹಲವರ ವಾದ. ನನಗೂ ಮೊದಲು ಅದೇ ಸರಿ ಎನಿಸಿತ್ತು. ಆದರೆ ದೂರದ ಕಬ್ಬಿಣದ ತಟ್ಟೆಗಳ ಮೇಲೆ ನನ್ನ ಕಣ್ಣಿಗೆ ದೊಡ್ಡ ಚುಕ್ಕೆ ಇನ್ನಷ್ಟು ಹರಡುತ್ತಿತ್ತು. ಕೊನೆಗೆ 2 ಎಂಓಎ ಚುಕ್ಕೆಯ ಜೊತೆಗೆ, ಬೇಕೆಂದಾಗ 32 ಎಂಓಎ ಉಂಗುರವನ್ನೂ ತೋರಿಸುವ ವ್ಯವಸ್ಥೆಯನ್ನು ಆರಿಸಿಕೊಂಡೆ. ಕಲಿಯುವಾಗ ಉಂಗುರದ ಒಂದು ಕಮಾನು ಕಂಡರೂ ಚುಕ್ಕೆ ಯಾವ ಕಡೆಗಿದೆ ಎಂದು ತಿಳಿಯುತ್ತಿತ್ತು, ಈಗ ಆ ಉಂಗುರವನ್ನು ಆಫ್ ಮಾಡಿಯೇ ಇಟ್ಟಿದ್ದೇನೆ.

ಗಾಜಿನ ಅಗಲದ ಬಗ್ಗೆ ನನ್ನ ಅಭಿಪ್ರಾಯ ಹಲವರಿಗೆ ಒಪ್ಪಿಗೆಯಾಗಲಿಕ್ಕಿಲ್ಲ. ಟ್ರಿಜಿಕಾನ್ ಎಸ್‌ಆರ್‌ಓ, ಹೋಲೋಸನ್ 507 ಕಾಂಪ್ ಮುಂತಾದ ದೊಡ್ಡ ಗಾಜಿನ ಸೈಟ್‌ಗಳು ನಮ್ಮ ಪಂದ್ಯಗಳಲ್ಲಿ ಬಹಳ ಜನರ ಬಳಿ ಇವೆ, ಒರೆಯಿಂದ ತೆಗೆದೊಡನೆ ಚುಕ್ಕೆ ಸಿಗುತ್ತದೆ ಎಂಬುದು ನಿಜ. ಆದರೆ ಚುಕ್ಕೆ ಸಿಗದೆ ತಡಕಾಡುವುದಕ್ಕೆ ಮೂಲ ಕಾರಣ ಪಿಸ್ತೂಲಿನ ಮೂತಿ ಮೇಲೆದ್ದಿರುವುದು, ಅದಕ್ಕೆ ಕಾರಣ ಮಣಿಕಟ್ಟು ಮತ್ತು ಎಡಗೈ ಹಿಡಿತ. ಕಣ್ಣು ಮುಚ್ಚಿ ಪಿಸ್ತೂಲು ಚಾಚಿ, ಕಣ್ಣು ತೆರೆದಾಗ ಚುಕ್ಕೆ ಎಲ್ಲಿದೆ ಎಂದು ನೋಡಿಕೊಳ್ಳುವ ಅಭ್ಯಾಸವನ್ನು ದಿನಕ್ಕೆ ಹತ್ತು ನಿಮಿಷ ಮಾಡಿದ ಮೇಲೆ ಚಿಕ್ಕ ಗಾಜು ನನಗೆ ಎಂದೂ ಕೊರತೆ ಎನಿಸಲಿಲ್ಲ.

ನನಗೆ ಹೆಚ್ಚು ತಲೆಬಿಸಿ ಮಾಡಿದ್ದು ಅರಿಜೋನಾದ ಹವೆ. ತೆರೆದ ಮಾದರಿಯ ಸೈಟಿನಲ್ಲಿ ದೀಪ ಹೊರಗೇ ಇರುತ್ತದೆ, ದೀಪಕ್ಕೂ ಗಾಜಿಗೂ ನಡುವೆ ಏನೇ ಬಿದ್ದರೂ ಚುಕ್ಕೆ ಮಾಯ. ಜುಲೈ ಹೊತ್ತಿಗೆ ಇಲ್ಲಿಗೆ ಮುಂಗಾರು ಬರುತ್ತದೆ, ಅದಕ್ಕೆ ಇಲ್ಲಿಯೂ ಮಾನ್ಸೂನ್ ಎಂದೇ ಹೆಸರು. ಒಂದು ಸಂಜೆ ಧೂಳಿನ ಗಾಳಿಯ ಬೆನ್ನಿಗೇ ನಾಲ್ಕು ದಪ್ಪ ಹನಿ ಬಿದ್ದು, ಅದರಲ್ಲಿ ಒಂದು ಸರಿಯಾಗಿ ದೀಪದ ಕಿಂಡಿಯ ಮೇಲೇ ಕೂತಿತು. ಸಂಕೇತ ಮೊಳಗಿ ಪಿಸ್ತೂಲು ಎತ್ತಿದಾಗ ಗಾಜಿನ ತುಂಬ ಕೆಂಪು ಮಂಜು ಬಿಟ್ಟು ಚುಕ್ಕೆ ಎಂಬುದೇ ಇರಲಿಲ್ಲ. ಆ ಸುತ್ತಿನಲ್ಲಿ ಗಾಜಿನ ಚೌಕಟ್ಟನ್ನೇ ಗುರಿಯ ಮೇಲಿಟ್ಟು ಮುಗಿಸಿದೆ. ಎರಡೂ ಕಡೆ ಗಾಜಿದ್ದು ದೀಪ ಒಳಗೆ ಮುಚ್ಚಿಕೊಂಡಿರುವ ಮಾದರಿಗೆ, ಅಂದರೆ ಏಮ್‌ಪಾಯಿಂಟ್ ಆಕ್ರೋ, ಹೋಲೋಸನ್ 509ಟಿ ಇಂಥವುಗಳ ಕಡೆಗೆ, ನಾನು ತಿರುಗಿದ್ದು ಅಂದೇ. ಮುಚ್ಚಿದ ಮಾದರಿಯಲ್ಲಿ ಹನಿ ಬಿದ್ದರೆ ಹೊರಗಿನ ಗಾಜಿನ ಮೇಲೆ ಬೀಳುತ್ತದೆ, ಅಂಗಿಯ ತುದಿಯಿಂದ ಒಂದು ಸಲ ಒರೆಸಿದರೆ ಆಯಿತು.

ಹೊಳಪಿನ ವಿಷಯದಲ್ಲಿ ಒಂದೇ ಮಾತು: ತಾನಾಗಿ ಹೊಂದಿಕೊಳ್ಳುವ ವ್ಯವಸ್ಥೆಯನ್ನು ನಾನು ನಂಬುವುದಿಲ್ಲ. ತಗಡಿನ ನೆರಳಿನಡಿ ನಿಂತು ಸುಡುಬಿಸಿಲಿನಲ್ಲಿರುವ ಬಿಳಿ ತಟ್ಟೆಗೆ ಗುರಿಯಿಟ್ಟರೆ, ಸಂವೇದಕ ತಾನಿರುವ ನೆರಳನ್ನು ಅಳೆದು ಚುಕ್ಕೆಯನ್ನು ಮಂದ ಮಾಡುತ್ತದೆ, ಆ ಮಂದ ಚುಕ್ಕೆ ಬಿಸಿಲಿನಲ್ಲಿ ಕರಗಿಹೋಗುತ್ತದೆ. ಪ್ರತಿ ಸುತ್ತಿನ ಮೊದಲು ಗುಂಡಿ ಒತ್ತಿ ಕೈಯಾರೆ ಹೊಂದಿಸಿಕೊಳ್ಳುತ್ತೇನೆ.

ಇನ್ನು ಜೋಡಣೆ. ಸೈಟ್ ಯಾವುದು ಎಂಬುದಕ್ಕಿಂತ ಅದು ಸ್ಲೈಡಿನ ಮೇಲೆ ಹೇಗೆ ಕೂತಿದೆ ಎಂಬುದೇ ಮುಖ್ಯ ಎಂದು ನನಗೆ ಕಲಿಸಿದ್ದು ನನ್ನ ಮೊದಲ ಸೈಟ್. ರೈಫಲ್ಲಿನ ಮೇಲಿನ ಸೈಟ್ ಬಂದೂಕಿನ ಜೊತೆ ಒಟ್ಟಾಗಿ ಅಲುಗುತ್ತದೆ. ಪಿಸ್ತೂಲಿನ ಸ್ಲೈಡ್ ಪ್ರತಿ ಗುಂಡಿಗೂ ಹಿಂದೆ ಹಾರಿ ಬಡಿದು ಮುಂದೆ ಬಂದು ಬಡಿಯುವುದರಿಂದ ಅದರ ಮೇಲಿನ ಸೈಟಿಗೆ ಪ್ರತಿ ಸಲ ಎರಡು ಪೆಟ್ಟು. ಗ್ಲಾಕಿನ ಎಂಓಎಸ್ ಮಾದರಿಯಲ್ಲಿ ಸೈಟಿನ ತಳದ ಅಳತೆಗೆ ಹೊಂದುವ ಒಂದು ತೆಳು ಪ್ಲೇಟನ್ನು ಸ್ಲೈಡಿಗೆ ಕೂರಿಸಿ, ಅದರ ಮೇಲೆ ಸೈಟನ್ನು ಕೂರಿಸುತ್ತಾರೆ. ಅಂಗಡಿಯೊಂದರಲ್ಲಿ ಜೋಡಿಸಿ ಕೊಟ್ಟ ನನ್ನ ಮೊದಲ ಸೈಟಿನೊಂದಿಗೆ ರೇಂಜಿಗೆ ಹೋದ ದಿನವೇ ಹಾರಿಸಿದ ಗುಂಡುಗಳ ಖಾಲಿ ಕೋಶಗಳು ಹೊರಬೀಳದೆ ಸಿಕ್ಕಿಹಾಕಿಕೊಳ್ಳತೊಡಗಿದವು. ಮ್ಯಾಗಜೀನ್ ಬದಲಿಸಿದೆ, ಗುಂಡಿನ ಕಂಪನಿ ಬದಲಿಸಿದೆ, ಖಾಲಿ ಕೋಶವನ್ನು ಹೊರಗೆಳೆಯುವ ಎಕ್ಸ್‌ಟ್ರ್ಯಾಕ್ಟರ್ ತೊಳೆದೆ, ಎರಡು ವಾರ ಕಳೆಯಿತು. ಒಂದು ರಾತ್ರಿ ಸೈಟನ್ನು ಬಿಚ್ಚಿ ಪಿಸ್ತೂಲನ್ನು ಮೇಜಿನ ಮೇಲೆ ಹರಡಿಕೊಂಡು ಕೂತಾಗ, ಎಕ್ಸ್‌ಟ್ರ್ಯಾಕ್ಟರನ್ನು ಒತ್ತಿಹಿಡಿಯುವ ಕಡ್ಡಿಯ ಮೇಲೆ ಹೊಸ ಕಾಸಿನಂತೆ ಹೊಳೆಯುವ ಒಂದು ಸಣ್ಣ ಗೀರು ಕಂಡಿತು. ಆ ಕಡ್ಡಿ ಹರಿದಾಡುವ ನಾಳದ ನೆತ್ತಿಗೇ ಬಲಗಡೆಯ ಸ್ಕ್ರೂ ಇಳಿಯುತ್ತದೆ. ಹಾಕಿದ್ದ ಸ್ಕ್ರೂ ಇರಬೇಕಾದ್ದಕ್ಕಿಂತ ಒಂದು ಮಿಲಿಮೀಟರಿನಷ್ಟು ಉದ್ದವಿತ್ತು, ಅದರ ತುದಿ ಕಡ್ಡಿಯನ್ನು ಕಚ್ಚಿ ಹಿಡಿದಿತ್ತು.

ಅಂದಿನಿಂದ ಜೋಡಣೆ ನನ್ನದೇ ಕೈಯಲ್ಲಿ. ನನ್ನ ಈಗಿನ ಸೈಟ್ ಹೋಲೋಸನ್ 509ಟಿ. ಅದರ ಜೊತೆ ಬರುವ ಅಡಾಪ್ಟರನ್ನು ಗ್ಲಾಕಿನ ಪ್ಲೇಟಿನ ಮೇಲೆ ಕೂರಿಸಿದರೆ ಒಂದರ ಮೇಲೊಂದು ಎರಡು ಅಂತಸ್ತಾಗಿ, ಸಡಿಲವಾಗುವ ಜಾಗವೂ ಎರಡಾಗುತ್ತದೆ. ಅದಕ್ಕೆ ಬದಲಾಗಿ ಆ ಸೈಟಿಗೆಂದೇ ಕಡೆದ ಉಕ್ಕಿನ ಪ್ಲೇಟೊಂದನ್ನು ತರಿಸಿದೆ. ಸ್ಕ್ರೂವಿನ ಎಣ್ಣೆಯನ್ನು ಆಲ್ಕೋಹಾಲಿನಿಂದ ಪೂರ್ತಿ ತೆಗೆದು, ಎಳೆಗಳಿಗೆ ಸಾಸಿವೆಯಷ್ಟು ನೀಲಿ ಲಾಕ್‌ಟೈಟ್ ಎಂಬ, ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು ಹಚ್ಚಿ, ಬಿಗಿಯನ್ನು ಅಳೆಯುವ ಟಾರ್ಕ್ ಡ್ರೈವರಿನಲ್ಲಿ ಕೈಪಿಡಿ ಹೇಳಿದಷ್ಟೇ ಬಿಗಿದೆ. ಈ ಸ್ಕ್ರೂಗಳಿಗೆ ಬೇಕಾದ ಬಿಗಿ ಬಹಳ ಕಡಿಮೆ: ಟ್ರಿಜಿಕಾನ್ ತನ್ನ ಆರ್‌ಎಂಆರ್ ಸೈಟಿಗೆ ಹೇಳುವುದು 12 ಇಂಚ್-ಪೌಂಡ್ ಮಾತ್ರ, ಕೈಯ ಅಂದಾಜಿನಲ್ಲಿ ಬಿಗಿದರೆ ಅದನ್ನು ಮೀರಿ ತಲೆ ಮುರಿಯುವುದು ಸುಲಭ. ಕೊನೆಗೆ ಸ್ಕ್ರೂವಿನ ತಲೆಯಿಂದ ಸೈಟಿನ ಮೈಯವರೆಗೆ ಹೆಂಡತಿಯ ಉಗುರುಬಣ್ಣದಿಂದ ಒಂದು ಬಿಳಿ ಗೆರೆ ಎಳೆದೆ. ಸ್ಕ್ರೂ ಕದಲಿದರೆ ಗೆರೆ ಮುರಿದು ಕಾಣುತ್ತದೆ.

ಬ್ಯಾಟರಿಯೂ ನನಗೆ ಜೋಡಣೆಯ ಮಾತೇ. ಕೆಲವು ಸೈಟ್‌ಗಳಲ್ಲಿ ಬ್ಯಾಟರಿ ತಳದಲ್ಲಿರುತ್ತದೆ, ಅದನ್ನು ಬದಲಿಸಲು ಸೈಟನ್ನೇ ಕಳಚಬೇಕು, ಕಳಚಿದ ಮೇಲೆ ಮತ್ತೆ ಝೀರೋ, ಅಂದರೆ ಚುಕ್ಕೆ ಇಟ್ಟಲ್ಲೇ ಗುಂಡು ಬೀಳುವಂತೆ ಮಾಡಿದ ಹೊಂದಾಣಿಕೆ, ನೋಡಬೇಕು. ಪಕ್ಕದಿಂದ ಎಳೆಯುವ ಸಣ್ಣ ತಟ್ಟೆಯಲ್ಲಿ ಬ್ಯಾಟರಿ ಇರುವ ಸೈಟ್ ನನಗೆ ಬೇಕೆನಿಸಿದ್ದು ಇದರಿಂದ. ತಯಾರಕರು ಸಾವಿರಾರು ಗಂಟೆಗಳ ಲೆಕ್ಕ ಕೊಡುತ್ತಾರೆ, ಆದರೂ ನಾನು ಪ್ರತಿ ಯುಗಾದಿಗೆ ಹೊಸದನ್ನು ಹಾಕುತ್ತೇನೆ, ದಿನ ಮರೆತುಹೋಗುವ ಭಯವಿಲ್ಲ.

ಝೀರೋ ಮಾಡುವಾಗ ಮೊದಲು 10 ಗಜದಲ್ಲಿ ಒರಟಾಗಿ, ಬಳಿಕ ಮರಳಿನ ಚೀಲದ ಮೇಲೆ ಮಣಿಕಟ್ಟನ್ನಿಟ್ಟು 25 ಗಜದಲ್ಲಿ ಐದೈದು ಗುಂಡು ಹೊಡೆದು ನೋಡಿದೆ. ಮೊದಲ ಐದು ಎರಡು ಅಂಗುಲ ಎಡಕ್ಕೆ ಬಿದ್ದವು. ಒಂದು ಕ್ಲಿಕ್ಕಿಗೆ ಒಂದು ಎಂಓಎ, ಅಂದರೆ ಆ ದೂರದಲ್ಲಿ ಕಾಲು ಅಂಗುಲ, ಹಾಗಾಗಿ ಎಂಟು ಕ್ಲಿಕ್ ಬಲಕ್ಕೆ. ಚುಕ್ಕೆ ನಳಿಗೆಗಿಂತ ಒಂದು ಅಂಗುಲದ ಮೇಲೆ ಎತ್ತರದಲ್ಲಿರುವುದರಿಂದ ಮೂರು ಗಜದಲ್ಲಿ ಗುಂಡು ಚುಕ್ಕೆಗಿಂತ ಸುಮಾರು ಒಂದು ಅಂಗುಲ ಕೆಳಗೆ ಬೀಳುತ್ತದೆ. ಹೊಡೆಯಬಾರದ ಬಿಳಿ ರಟ್ಟು ಗುರಿಯ ಕೆಳಭಾಗವನ್ನು ಮುಚ್ಚಿರುವಾಗ ಈ ಒಂದು ಅಂಗುಲ ಮರೆತು ನಾನು ಎರಡು ಸಲ ದಂಡ ತೆತ್ತಿದ್ದೇನೆ. ಈಗ ಹತ್ತಿರದ ಗುರಿಗಳಲ್ಲಿ ಚುಕ್ಕೆಯನ್ನು ಬಿಳಿ ಅಂಚಿನಿಂದ ಎರಡು ಬೆರಳು ಮೇಲಿಡುತ್ತೇನೆ. ಪಂದ್ಯದ ಹಿಂದಿನ ದಿನ ಬಿಳಿ ಗೆರೆ ನೋಡಿ, 25 ಗಜದಲ್ಲಿ ಐದು ಗುಂಡು ಹೊಡೆದು, ಐದೂ ಅಂಗೈಯಡಿ ಮುಚ್ಚುವಷ್ಟರಲ್ಲಿ ಬಿದ್ದರೆ ಪಿಸ್ತೂಲನ್ನು ಚೀಲಕ್ಕೆ ಹಾಕುತ್ತೇನೆ.