ಅಸ್ತಮಾಗೆ ಇಂಜೆಕ್ಷನ್: ಮೊದಲ ನಾಲ್ಕು ತಿಂಗಳು

ದಿನಾ ಇನ್ಹೇಲರ್ ಎಳೆದರೂ ವರ್ಷಕ್ಕೆ ಮೂರ್ನಾಲ್ಕು ಸಲ ಸ್ಟೀರಾಯ್ಡ್ ಮಾತ್ರೆ ನುಂಗುವ ಹಾಗಾಗುತ್ತಿತ್ತು. ಆಗ ಡಾಕ್ಟರು ಒಮಲಿಝುಮ್ಯಾಬ್ ಶುರು ಮಾಡೋಣ ಅಂದರು. ಅಲರ್ಜಿಯಿಂದ ಬರುವ, ಬೇರೆ ಔಷಧಿಗೆ ಜಗ್ಗದ ಅಸ್ತಮಾಗೆ ಕೊಡುವ ಇಂಜೆಕ್ಷನ್ ಇದು.

ಮೊದಲು ರಕ್ತ ಪರೀಕ್ಷೆ. ರಕ್ತದಲ್ಲಿ ಐಜಿಇ (ಅಲರ್ಜಿಗೆ ಕಾರಣವಾಗುವ ಪ್ರತಿಕಾಯ) ಎಷ್ಟಿದೆ, ನಿಮ್ಮ ತೂಕ ಎಷ್ಟು ಅಂತ ನೋಡಿ ಡೋಸ್ ಲೆಕ್ಕ ಹಾಕುತ್ತಾರೆ. ಎರಡು ವಾರಕ್ಕೊಮ್ಮೆಯೋ ನಾಲ್ಕು ವಾರಕ್ಕೊಮ್ಮೆಯೋ ಅನ್ನುವುದೂ ಅದರ ಮೇಲೆಯೇ. ನನಗೆ ನಾಲ್ಕು ವಾರಕ್ಕೊಮ್ಮೆ 300 ಮಿಲಿಗ್ರಾಂ, ಅಂದರೆ 150ರ ಎರಡು ಬಾಟಲಿ. ಖರ್ಚು ಜಾಸ್ತಿ. ಅಡ್ಮಿಟ್ ಆಗದೆ ಹಾಕಿಸಿಕೊಂಡರೂ ವಿಮೆಯವರು ದುಡ್ಡು ಕೊಡುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ.

ಔಷಧಿ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು, ಆದರೆ ಹೆಪ್ಪುಗಟ್ಟಬಾರದು. ನಾನು ತುಮಕೂರಿನಿಂದ ಬೆಂಗಳೂರಿಗೆ ಥರ್ಮಾಕೋಲ್ ಡಬ್ಬಿಯಲ್ಲಿ ಒಯ್ಯುತ್ತೇನೆ. ಐಸ್ ಪ್ಯಾಕ್ ಬಾಟಲಿಗೆ ತಾಗದ ಹಾಗೆ ನಡುವೆ ಟವೆಲ್ ಸುತ್ತುತ್ತೇನೆ.

ಆಸ್ಪತ್ರೆಗೆ ಅರ್ಧ ದಿನ ಇಟ್ಟುಕೊಂಡೇ ಹೋಗಿ. ನನಗೆ ಕೊಡುವ ಬಾಟಲಿಯಲ್ಲಿ ಇರುವುದು ಪುಡಿ. ಸಿಸ್ಟರ್ ನೀರು ಹಾಕಿ ಬಾಟಲಿಯನ್ನು ಮೆಲ್ಲಗೆ ತಿರುಗಿಸುತ್ತಾರೆ, ಕೆಳಗಿಡುತ್ತಾರೆ, ಐದು ನಿಮಿಷ ಬಿಟ್ಟು ಮತ್ತೆ ತಿರುಗಿಸುತ್ತಾರೆ. ಕುಲುಕಿದರೆ ನೊರೆ ಏಳುತ್ತದೆ. ಕರಗಲು 15-20 ನಿಮಿಷ ಬೇಕು. ಕರಗಿದ ಮೇಲೂ ಗಟ್ಟಿ ಎಣ್ಣೆಯ ಹಾಗಿರುತ್ತದೆ, ಅದಕ್ಕೇ ನಿಧಾನವಾಗಿ ಚುಚ್ಚುತ್ತಾರೆ. ಎರಡೂ ತೋಳಿಗೆ ಒಂದೊಂದು, ಚರ್ಮದ ಕೆಳಗೆ. ಸ್ವಲ್ಪ ಉರಿ, ಸಂಜೆಗೆ ಸಣ್ಣ ಊತ, ಅಷ್ಟೆ.

ಮೊದಲ ಮೂರು ಸಲ ನನ್ನನ್ನು ಎರಡು ಗಂಟೆ ಅಲ್ಲೇ ಕೂರಿಸಿದರು. ಸುಮ್ನೆ ಎದ್ದು ಬರಬೇಡಿ. ಅಪರೂಪಕ್ಕೆ ಜೋರು ಅಲರ್ಜಿ ಆಗಬಹುದು, ಮನೆಗೆ ಬಂದ ಮೇಲೂ ಆಗಬಹುದು. ಮೈಯೆಲ್ಲಾ ದದ್ದು, ಗಂಟಲು ಬಿಗಿತ, ತಲೆಸುತ್ತು ಕಂಡರೆ ತಕ್ಷಣ ಹತ್ತಿರದ ಆಸ್ಪತ್ರೆಗೆ ಓಡಿ. ಮೊದಲ ಸಲ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ.

ಗುಣ ಮಾತ್ರ ನಿಧಾನ. ಎರಡು ತಿಂಗಳಾದರೂ ರಾತ್ರಿ ಕೆಮ್ಮು ಹಾಗೇ ಇದ್ದಾಗ ನಾನು ಅತ್ತೇಬಿಟ್ಟಿದ್ದೆ. ಇದು ಕೆಲಸ ಮಾಡುತ್ತಿದೆಯಾ ಅಂತ ತೀರ್ಮಾನಿಸುವುದೇ 16 ವಾರ ಆದ ಮೇಲೆ. ಉಸಿರು ಎಷ್ಟು ಜೋರಾಗಿ ಹೊರಬರುತ್ತದೆ ಅಂತ ಅಳೆಯುವ ಪೀಕ್ ಫ್ಲೋ ಮೀಟರನ್ನು ಬೆಳಿಗ್ಗೆ ಊದಿ ಕ್ಯಾಲೆಂಡರಿನಲ್ಲಿ ಬರೆಯಿರಿ. ನನ್ನದು 210ರಿಂದ ನಾಲ್ಕನೇ ತಿಂಗಳಿಗೆ 320ಕ್ಕೆ ಬಂತು. ಡಾಕ್ಟರು ಮೊದಲು ನೋಡಿದ್ದೇ ಆ ಕ್ಯಾಲೆಂಡರ್.

ಅಲ್ಲಿಯವರೆಗೆ, ಆಮೇಲೂ, ಡಾಕ್ಟರು ಹೇಳದೆ ಇನ್ಹೇಲರ್ ಬಿಡಬೇಡಿ. ಸ್ಟೀರಾಯ್ಡ್ ಮಾತ್ರೆಯನ್ನಂತೂ ಏಕಾಏಕಿ ನಿಲ್ಲಿಸಲೇಬಾರದು. ದಮ್ಮು ಕಟ್ಟಿದಾಗ ಈ ಇಂಜೆಕ್ಷನ್ ಉಪಯೋಗಕ್ಕೆ ಬರುವುದಿಲ್ಲ. ಆಗ ಬೇಕಾಗುವುದು ತಕ್ಷಣ ಉಸಿರು ಸರಾಗ ಮಾಡುವ ನೀಲಿ ಇನ್ಹೇಲರ್. ನನ್ನದು ಇವತ್ತಿಗೂ ಬ್ಯಾಗಿನ ಮುಂದಿನ ಜಿಪ್ಪಿನಲ್ಲೇ ಇರುತ್ತದೆ.