‘ಮನಸ್ಸು’ ಎಷ್ಟು ಸಲ ಬಂತು?

ನನ್ನ ಕಾದಂಬರಿಯ ಕರಡು ಓದಿದ ಗೆಳತಿ, “ಎಲ್ಲಿ ನೋಡಿದರೂ ಮನಸ್ಸು ಮನಸ್ಸು ಅಂತ ಬರೆದಿದ್ದೀಯಲ್ಲೇ” ಅಂದಳು. ಎಣಿಸಿಯೇ ತೋರಿಸುತ್ತೇನೆ ಅಂತ ಹಟ ಹಿಡಿದು ಕೂತೆ.

ವರ್ಡ್‌ನಲ್ಲಿ ಕಂಟ್ರೋಲ್ ಎಫ್ ಒತ್ತಿ ‘ಮನಸ್ಸು’ ಟೈಪ್ ಮಾಡಿದೆ. ಪಕ್ಕದ ನ್ಯಾವಿಗೇಶನ್ ಪೇನ್‌ನಲ್ಲಿ 41 ಅಂತ ಬಂತು. ಇನ್ನೂರು ಪುಟಕ್ಕೆ 41 ಏನು ಮಹಾ! ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಮೊದಲ ಪುಟದ ‘ಮನಸ್ಸಿಗೆ’ ಕಣ್ಣಿಗೆ ಬಿತ್ತು. ಅದಕ್ಕೆ ಹಳದಿ ಬಣ್ಣವೇ ಹತ್ತಿರಲಿಲ್ಲ.

ತಪ್ಪು ವರ್ಡ್‌ದಲ್ಲ. ಮನಸ್ಸು ಉಕಾರದಲ್ಲಿ ಮುಗಿಯುವ ಪದ. ಸ್ವರದಿಂದ ಶುರುವಾಗುವ ಪ್ರತ್ಯಯ ಹತ್ತಿದ ಕೂಡಲೇ ಆ ಉಕಾರ ಬಿದ್ದುಹೋಗುತ್ತದೆ. ಶಾಲೆಯಲ್ಲಿ ಬಾಯಿಪಾಠ ಮಾಡಿದ ಲೋಪಸಂಧಿ ಇಲ್ಲಿ ಎದುರಾಯಿತು. ‘ಕಥೆ’ ಆಗಿದ್ದರೆ ಈ ತೊಂದರೆ ಇರುತ್ತಿರಲಿಲ್ಲ: ಕಥೆಯ, ಕಥೆಗೆ, ಕಥೆಗಳು, ಎಲ್ಲದರಲ್ಲೂ ಮೂಲಪದ ಇಡಿಯಾಗಿ ಉಳಿಯುತ್ತದೆ. ‘ಹೋಲ್ ವರ್ಡ್ಸ್ ಓನ್ಲಿ’ಗೆ ಟಿಕ್ ಹಾಕುವುದಂತೂ ಕನ್ನಡಕ್ಕೆ ಆಗಿಬರುವುದಿಲ್ಲ, ಪ್ರತ್ಯಯ ಅಂಟಿದ ರೂಪಗಳೆಲ್ಲ ಎಣಿಕೆಯಿಂದ ಹೊರಗೆ.

ಹಾಗಾಗಿ ಒಂದೊಂದೇ ರೂಪ ಹುಡುಕಿದೆ. ‘ಮನಸ್ಸಿ’ ಅಂತ ಕೊಟ್ಟರೆ ಮನಸ್ಸಿನ, ಮನಸ್ಸಿಗೆ, ಮನಸ್ಸಿಲ್ಲ ಮೂರೂ ಒಂದೇ ಬಲೆಗೆ ಬೀಳುತ್ತವೆ: 68. ‘ಮನಸ್ಸನ್ನು’ 9, ‘ಮನಸ್ಸಾ’ 6, ‘ಮನಸ್ಸೆ’ 3. ಒಟ್ಟು 127.

ಖಾತ್ರಿಗೆಂದು ಇನ್ನೊಂದು ದಾರಿಯನ್ನೂ ನೋಡಿದೆ. ಕಂಟ್ರೋಲ್ ಎಚ್ ಒತ್ತಿ, ಹುಡುಕುವ ಜಾಗದಲ್ಲಿ ಪದ, ಬದಲಿಸುವ ಜಾಗದಲ್ಲಿ ^& ಹಾಕಿ ‘ರಿಪ್ಲೇಸ್ ಆಲ್’ ಕೊಡಬೇಕು. ಪದದ ಜಾಗದಲ್ಲಿ ಅದೇ ಪದ ಕೂರುತ್ತದೆ, ಎಷ್ಟು ಕಡೆ ಬದಲಾಯಿತು ಅಂತ ವರ್ಡ್ ಹೇಳುತ್ತದೆ. ತಿದ್ದಿದ್ದಕ್ಕೆಲ್ಲ ಗುರುತು ಹಾಕುವ ಟ್ರ್ಯಾಕ್ ಚೇಂಜಸ್ ಆನ್ ಆಗಿದ್ದು ನನಗೆ ನೆನಪೇ ಇರಲಿಲ್ಲ. ಗೆಳತಿಯ ತಿದ್ದುಪಡಿಗಳ ನಡುವೆ 68 ಕಡೆ ಹೊಸ ಗುರುತು! ತಕ್ಷಣ ಕಂಟ್ರೋಲ್ ಜೆಡ್ ಒತ್ತಿ ಬಚಾವಾದೆ. ಲಿಬ್ರೆ ಆಫೀಸ್ ರೈಟರ್‌ನಲ್ಲಿ ಈ ಕಸರತ್ತು ಬೇಡ. ಅದೇ ಕಿಟಕಿಯಲ್ಲಿ ‘ಫೈಂಡ್ ಆಲ್’ ಒತ್ತಿದರೆ ಸಂಖ್ಯೆ ಕಾಣುತ್ತದೆ.

ಹಳೆಯ ಎರಡು ಅಧ್ಯಾಯಗಳು ಮಾತ್ರ ಬೇರೆ ಫೈಲಿನಲ್ಲಿದ್ದವು. ಅಲ್ಲಿ ಎಷ್ಟು ಹುಡುಕಿದರೂ ಸೊನ್ನೆ. ಯೂನಿಕೋಡ್‌ಗೆ ಬರುವ ಮೊದಲು ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದವು. ನಮ್ಮ ಕಣ್ಣಿಗಷ್ಟೇ ಕನ್ನಡ, ಕಂಪ್ಯೂಟರಿಗೆ ಅವು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಯೂನಿಕೋಡ್‌ಗೆ ಪರಿವರ್ತಿಸಿದ ಮೇಲೆ ಇನ್ನೂ 14 ಸಿಕ್ಕವು.

ಸೋಲೊಪ್ಪಿಕೊಂಡು ಗೆಳತಿಗೆ ಫೋನ್ ಮಾಡಿದೆ. “141 ಕಣೇ.”

“‘ಮನಸು’ ಅಂತ ಒತ್ತಕ್ಷರ ಇಲ್ಲದೆ ಬರೆದದ್ದನ್ನೂ ಸೇರಿಸಿದ್ಯಾ?”

ಸೇರಿಸಿರಲಿಲ್ಲ.