ಜಾಮ್ ಆದ ಟ್ರ್ಯಾಕ್ಟರ್ ಎಂಜಿನ್: ಜಗ್ಗಬೇಡಿ, ನೆನೆಸಿ

2019ರ ಆಗಸ್ಟ್‌ನಲ್ಲಿ ಘಟಪ್ರಭಾ ಉಕ್ಕಿದಾಗ ಮುಧೋಳ, ಗೋಕಾಕ ಕಡೆ ಹೊಳೆದಂಡೆಯ ಊರುಗಳಿಗೆ ನೀರು ನುಗ್ಗಿತು. ನಮ್ಮ ಕಾಕಾ ಅವರ ಟ್ರ್ಯಾಕ್ಟರ್ ಕೂಡ ಮುಳುಗಿತು. ನೀರು ಇಳಿದ ಮೇಲೆ ನೋಡಿದರೆ ಎಂಜಿನ್ ಜಾಮ್. "ಗೇರಿನ್ಯಾಗ ಹಾಕಿ ಜಗ್ಗಿದ್ರ ತಾನ ಬಿಡ್ತೈತಿ" ಅಂತ ಯಾರೋ ಹೇಳಿದರು. ಇನ್ನೊಂದು ಟ್ರ್ಯಾಕ್ಟರ್‌ಗೆ ಸರಪಳಿ ಕಟ್ಟಿ ಎಳೆದೇ ಬಿಟ್ಟರು. ಹತ್ತು ಮಾರು ಹೋಗುವಷ್ಟರಲ್ಲಿ ಒಳಗೆ ಟಕ್ ಅಂತು. ಬಿಚ್ಚಿದಾಗ ಪಿಸ್ಟನ್‌ಗೂ ಅದು ತಿರುಗಿಸುವ ಕ್ರ್ಯಾಂಕ್ ದಂಡಕ್ಕೂ ನಡುವಿನ ಕನೆಕ್ಟಿಂಗ್ ರಾಡ್ ಬಾಗಿತ್ತು. ಸಿಲಿಂಡರ್ ಒಳಗೆ ನಿಂತ ನೀರು ಗಾಳಿಯ ಹಾಗೆ ಒತ್ತಿದರೆ ಕುಗ್ಗುವುದಿಲ್ಲ. ರಾಡೇ ಬಾಗಬೇಕು. ಅಂದಿನಿಂದ ಯಾರೇ ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ: ಜಗ್ಗಬೇಡಿ.

ಪ್ರವಾಹವೇ ಬೇಕಂತಿಲ್ಲ. ಎರಡು ಮಳೆಗಾಲ ಹೊರಗೆ ನಿಂತರೆ ಸಾಕು. ನೆಟ್ಟಗಿರುವ ಸೈಲೆನ್ಸರ್‌ನಿಂದ ನೀರು ಇಳಿಯುತ್ತದೆ. ಯಾವ ಸಿಲಿಂಡರ್‌ನ ವಾಲ್ವ್ ತೆರೆದಿರುತ್ತದೋ ಅದರೊಳಗೆ ಹೋಗಿ ಕೂರುತ್ತದೆ. ಪಿಸ್ಟನ್ ಸುತ್ತಲಿನ ರಿಂಗು, ಸಿಲಿಂಡರ್ ಒಳಗೋಡೆಯಾದ ಲೈನರು ತುಕ್ಕಲ್ಲಿ ಕಚ್ಚಿಕೊಳ್ಳುತ್ತವೆ. ಇಂಥ ಜಾಮ್ ಮನೆಯಲ್ಲೇ ಬಿಡಿಸಬಹುದು. ಆಯಿಲ್ ಇಲ್ಲದೆ ಓಡಿ, ಕಾದು ನಿಂತ ಎಂಜಿನ್ ಆದರೆ ಕೈ ಹಾಕಬೇಡಿ. ಅಲ್ಲಿ ಬೇರಿಂಗ್ ಸುಟ್ಟಿರುತ್ತದೆ, ಮಿಸ್ತ್ರಿಯೇ ಬಿಚ್ಚಬೇಕು.

ನಿಜಕ್ಕೂ ಎಂಜಿನ್ನೇ ಜಾಮಾ?

ಗೇರ್ ನ್ಯೂಟ್ರಲ್‌ಗೆ ತನ್ನಿ. ಫ್ಯಾನ್ ಬೆಲ್ಟ್ ತೆಗೆಯಿರಿ. ಬ್ಯಾಟರಿ ವೈರ್ ಕಳಚಿ, ಸೆಲ್ಫ್ ಮೋಟರ್ (ಎಂಜಿನ್ ಚಾಲೂ ಮಾಡುವ ಸ್ಟಾರ್ಟರ್) ಬಿಚ್ಚಿ. ಎಷ್ಟೋ ಸಲ ವಾಟರ್ ಪಂಪ್ ಅಥವಾ ಸೆಲ್ಫ್ ಸಿಕ್ಕಿಕೊಂಡಿರುತ್ತದೆ, ಎಂಜಿನ್ ಚೆನ್ನಾಗಿಯೇ ಇರುತ್ತದೆ.

ಆಯಿಲ್ ಇಳಿಸಿ, ನಾಜಲ್ ಬಿಚ್ಚಿ

ಚೇಂಬರ್, ಅಂದರೆ ಎಂಜಿನ್ ತಳದ ತೊಟ್ಟಿಯ ಆಯಿಲ್ ಇಳಿಸಿ. ಹಾಲಿನ ಹಾಗೆ ಬೆಳ್ಳಗಿದ್ದರೆ ನೀರು ಸೇರಿದೆ ಅಂತಲೇ ಅರ್ಥ. ಸಿಲಿಂಡರ್‌ಗೆ ಡೀಸೆಲ್ ಚಿಮ್ಮಿಸುವ ನಾಜಲ್ ಬಿಚ್ಚಿದ ಮೇಲೆ ಡೀಸೆಲ್ ಪೈಪಿನ ಬಾಯಿಗಳಿಗೆ ಪ್ಲಾಸ್ಟಿಕ್ ಕಟ್ಟಿ, ಒಂದು ಕಣ ಮಣ್ಣೂ ಹೋಗಬಾರದು. ಸಿಲಿಂಡರ್‌ನಲ್ಲಿ ನೀರು ನಿಂತಿದ್ದರೆ ಸಣ್ಣ ಪೈಪ್ ಹಾಕಿ ಹೀರಿ ತೆಗೆಯಿರಿ.

ನೆನೆಸುವುದು

ಜನ ಸೋಲುವುದು ಇಲ್ಲೇ. ಸಂಜೆ ಎಣ್ಣೆ ಹಾಕಿ ಬೆಳಿಗ್ಗೆ ಹಾರೆ ಹಿಡಿಯುತ್ತಾರೆ. ಕನಿಷ್ಠ ಒಂದು ವಾರ ಬಿಡಿ.

ಅರ್ಧ ಡೀಸೆಲ್, ಅರ್ಧ ಎಟಿಎಫ್, ಅಂದರೆ ಪವರ್ ಸ್ಟೀರಿಂಗ್‌ಗೆ ಹಾಕುವ ಕೆಂಪು ಎಣ್ಣೆ. ಬರೀ ಸೀಮೆಎಣ್ಣೆ ಬೇಡ, ಬೇಗ ಆರಿಹೋಗುತ್ತದೆ. ಸಣ್ಣ ಡಬ್ಬಿಯ ತುಕ್ಕಿನ ಸ್ಪ್ರೇ ನಟ್ಟಿಗೆ ಸರಿ, ಪಿಸ್ಟನ್‌ಗೆ ಸುಮ್ನೆ ದುಡ್ಡು ದಂಡ. ನಾಜಲ್ ತೂತಿನಿಂದ ಪ್ರತಿ ಸಿಲಿಂಡರ್‌ಗೆ ಒಂದು ಚಹಾ ಲೋಟದಷ್ಟು ಸುರಿಯಿರಿ. ಪಿಸ್ಟನ್ ತಲೆಯ ಮೇಲೆ ಬಟ್ಟಲಿನಂಥ ಗುಳಿ ಇರುತ್ತದೆ. ಎರಡು ಚಮಚ ಹಾಕಿದರೆ ಅದು ಗುಳಿಯಲ್ಲೇ ಉಳಿಯುತ್ತದೆ, ಅಂಚಿನ ರಿಂಗಿಗೆ ಮುಟ್ಟುವುದೇ ಇಲ್ಲ.

ದಿನಾ ತೆಳು ತಂತಿ ಇಳಿಸಿ ಮಟ್ಟ ನೋಡಿ. ಇಳಿದಿದ್ದರೆ ಎಣ್ಣೆ ರಿಂಗಿನ ಸಂದಿಯಲ್ಲಿ ಹೋಗುತ್ತಿದೆ, ಮತ್ತೆ ತುಂಬಿಸಿ. ಇಳಿಯದೇ ನಿಂತ ಸಿಲಿಂಡರ್ ಮೇಲೆ ನನಗೆ ಮೊದಲು ಅನುಮಾನ. ಚೇಂಬರ್ ಕೆಳಗೆ ಬೆಂಕಿ ಹಾಕುವವರನ್ನೂ ನೋಡಿದ್ದೇನೆ. ಡೀಸೆಲ್ ಸುರಿದ ಎಂಜಿನ್ ಕೆಳಗೆ ಬೆಂಕಿ! ದಯವಿಟ್ಟು ಬೇಡ.

ಅಲುಗಿಸುವುದು

ಮುಂದಿನ ಪುಲ್ಲಿ ನಟ್ಟಿಗೆ ಉದ್ದ ಪೈಪ್ ಸಿಕ್ಕಿಸಿ ತಿರುಗಿಸಬೇಡಿ. ಹಿಂದಕ್ಕೆ ತಿರುಗಿಸುವಾಗ ನಟ್ಟೇ ಸಡಿಲವಾಗುತ್ತದೆ. ಸೆಲ್ಫ್ ಬಿಚ್ಚಿದ ಬಾಯಲ್ಲಿ ಫ್ಲೈವೀಲ್, ಅಂದರೆ ಎಂಜಿನ್‌ನ ಭಾರದ ಚಕ್ರದ ಹಲ್ಲು ಕಾಣುತ್ತದೆ. ಒಂದು ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ. ಚಪ್ಪಟೆ ತುದಿಯ ಸಣ್ಣ ಹಾರೆ ಕೊಟ್ಟು, ಕೆಳಗೆ ಕಟ್ಟಿಗೆ ಚೂರು ಇಟ್ಟು ಮೆಲ್ಲಗೆ ಮೀಟಿ. ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ. ಪೂರ್ತಿ ಬಲ ಬೇಡ, ಹಲ್ಲು ಮುರಿಯುತ್ತದೆ. ಅಲುಗದಿದ್ದರೆ ನಾಳೆ ನೋಡಿ.

ಗುರುತಿನ ಹಲ್ಲು ಕೂದಲೆಳೆಯಷ್ಟು ಸರಿದರೂ ಕೆಲಸ ಅರ್ಧ ಮುಗಿದ ಹಾಗೆ. ಆದರೆ ಖುಷಿಯಲ್ಲಿ ಒಂದೇ ಸಲ ಸುತ್ತಿಸಬೇಡಿ. ಸರಿದಷ್ಟನ್ನು ವಾಪಸ್ ತನ್ನಿ, ಮತ್ತೆ ಎಣ್ಣೆ ಬಿಡಿ. ಒಂದು ಹಲ್ಲು, ಎರಡು ಹಲ್ಲು, ಹೀಗೆ. ತುಕ್ಕಿನ ಪುಡಿ ಎಣ್ಣೆಯಲ್ಲಿ ಕರಗಿ ಹೋಗುವುದಿಲ್ಲ, ನಿಧಾನಕ್ಕೆ ಸರಿಯಬೇಕು. ಎಂಜಿನ್ ತಲೆಯ ಮೇಲಿನ ಟ್ಯಾಪೆಟ್ ಕವರ್ ತೆಗೆದಿಟ್ಟು, ಎಲ್ಲ ವಾಲ್ವ್ ಸ್ಪ್ರಿಂಗ್‌ಗಳೂ ಒತ್ತಿ ಮೇಲೆ ಬರುತ್ತಿವೆಯಾ ನೋಡಿ. ವಾಲ್ವ್ ಸಿಕ್ಕಿಕೊಂಡಿದ್ದರೆ ಅದನ್ನು ತೆರೆಯಲು ತಳ್ಳುವ ಪುಶ್ ರಾಡ್ ಬಾಗುತ್ತದೆ. ಪೂರ್ತಿ ಎರಡು ಸುತ್ತು ಕೈಯಲ್ಲೇ ತಿರುಗಬೇಕು.

ಎರಡು ವಾರವಾದರೂ ಬಿಡದಿದ್ದರೆ ಹೆಡ್ (ಸಿಲಿಂಡರ್ ಮೇಲಿನ ಮುಚ್ಚಳ) ಬಿಚ್ಚಲೇಬೇಕು. ಆಗಲೂ ಪಿಸ್ಟನ್ ಮೇಲೆ ಕಬ್ಬಿಣದ ಪೆಟ್ಟು ಬೇಡ. ಲೈನರ್ ಅಳತೆಗೆ ಕಟ್ಟಿಗೆ ತುಂಡು ಕೆತ್ತಿಸಿ, ಅದರ ಮೇಲೆ ಹಗುರವಾಗಿ ಬಡಿಯಿರಿ. ನಡುವೆ ನಿಂತ ಪಿಸ್ಟನ್‌ಗೆ ಬಡಿಯಬೇಕು. ತುತ್ತತುದಿಯಲ್ಲಿರುವುದಕ್ಕೆ ಬಡಿದರೆ ಕ್ರ್ಯಾಂಕ್ ತಿರುಗುವುದಿಲ್ಲ. ಲೈನರ್ ಗೋಡೆಗೆ ಉಗುರು ಎಳೆದು ನೋಡಿ. ಗುಳಿಗೆ ಉಗುರು ಸಿಕ್ಕರೆ ಲೈನರ್, ಪಿಸ್ಟನ್ ಸೆಟ್ ಹೊಸದೇ ಬೇಕು.

ಚಾಲೂ ಮಾಡುವುದು

ಆಯಿಲ್ ಫಿಲ್ಟರ್, ಡೀಸೆಲ್ ಫಿಲ್ಟರ್ ಬದಲಿಸಿ, ಹೊಸ ಆಯಿಲ್ ಹಾಕಿ. ಹೆಸರಿಲ್ಲದ ಲೂಸ್ ಆಯಿಲ್ ಬೇಡವೇ ಬೇಡ. ನಾಜಲ್ ಹಾಕುವ ಮೊದಲು ಸೆಲ್ಫ್ ಕೂರಿಸಿ, ಡೀಸೆಲ್ ಬಂದ್ ಇಟ್ಟು ಹತ್ತು ಸೆಕೆಂಡ್ ಹೊಡೆಯಿರಿ. ಸಿಲಿಂಡರ್‌ನಲ್ಲಿ ಉಳಿದ ಎಣ್ಣೆ ಜೋರಾಗಿ ಚಿಮ್ಮುತ್ತದೆ, ಮುಖ ದೂರ ಇರಲಿ. ಈ ಎಣ್ಣೆ ಹೊರಹಾಕದೆ ನಾಜಲ್ ಹಾಕಿದರೆ ಕಾಕಾ ಅವರ ರಾಡಿನ ಕತೆಯೇ. ನಾಜಲ್ ಕೆಳಗೆ ಹೊಸ ತಾಮ್ರದ ವಾಷರ್ ಹಾಕಿ, ಡೀಸೆಲ್ ಲೈನಿನ ಏರ್ ತೆಗೆಯಿರಿ.

ಚಾಲೂ ಮಾಡುವಾಗ ಒಬ್ಬರು ಏರ್ ಕ್ಲೀನರ್ ಪೈಪ್ ಬಿಚ್ಚಿದ ಬಾಯಿ ಹತ್ತಿರ ಹಲಗೆ ಹಿಡಿದು ನಿಲ್ಲಲಿ. ಉಳಿದ ಎಣ್ಣೆಯನ್ನೇ ಸುಟ್ಟು ಎಂಜಿನ್ ತಾನೇ ರೇಸ್ ಏರಿದರೆ ಸ್ಟಾಪರ್ ಎಳೆದರೂ ನಿಲ್ಲುವುದಿಲ್ಲ. ಹಲಗೆಯಿಂದ ಗಾಳಿ ಬಂದ್ ಮಾಡಿದರೆ ನಿಲ್ಲುತ್ತದೆ. ಕೈಯಿಂದ ಮುಚ್ಚಬೇಡಿ, ಎಳೆದುಕೊಳ್ಳುತ್ತದೆ.

ಮೊದಲು ಹೊಗೆ ಜಾಸ್ತಿ ಬರುತ್ತದೆ, ಗಾಬರಿ ಬೇಡ. ಆಯಿಲ್ ಮೀಟರ್ ಮುಳ್ಳು ಮಾತ್ರ ಏರಲೇಬೇಕು. ಏರದಿದ್ದರೆ ಕೂಡಲೇ ಬಂದ್ ಮಾಡಿ. ಅರ್ಧ ತಾಸು ಸ್ಲೋನಲ್ಲಿ ಓಡಿಸಿ, ಬಿಸಿ ಇರುವಾಗಲೇ ಆ ಆಯಿಲ್ ಇಳಿಸಿ ಮತ್ತೆ ಹೊಸದು ಹಾಕಿ. ಇಳಿದ ಆಯಿಲ್ ತಳದಲ್ಲಿ ಕೆಂಪು ತುಕ್ಕಿನ ಪುಡಿ ಕಾಣುತ್ತದೆ. ಸೈಲೆನ್ಸರ್ ಬಾಯಿಗೆ ಅವತ್ತೇ ಒಂದು ಡಬ್ಬಿ ಬೋರಲು ಹಾಕಿಡಿ.